ಫಕೀರಕ್ಕನ ದಣಿವು

ನಮ್ಮೂರಿನಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೋಗುವವರನ್ನು ಕಂಡು ಯಾರೂ ನಗುವುದಿಲ್ಲ. ದಾರಿ ಬಿಡುತ್ತಾರೆ. ಬಲಗಾಲಿಗೆ ಚಪ್ಪಲಿ ಇದ್ದು ಎಡಗಾಲು ಬರಿದಾಗಿದ್ದರೆ, ಆ ಹೊತ್ತಿಗೆ ಯಾರೋ ಅವರ ಹೆಸರಿನಲ್ಲಿ ಉಪ್ಪಿನ ದಿಬ್ಬದ ದಾರಿ ಹಿಡಿದು ಓಡುತ್ತಿದ್ದಾರೆ ಎಂದೇ ಅರ್ಥ. ಅಂಥವರಿಗೆ ಆ ದಿನ ಕೆಲಸ ಹೇಳುವ ಹಾಗಿಲ್ಲ, ಕೊಡ ಹೊರಿಸುವ ಹಾಗಿಲ್ಲ. ಕುಳಿತಲ್ಲಿಗೇ ಚಹಾ ಬರುತ್ತದೆ. ಓಡಿದವರು ಮರಳಿ ಬರುವಷ್ಟರಲ್ಲಿ ಇವರ ಮೈಯೊಳಗಿನ ದಣಿವೆಲ್ಲ ಆ ದಾರಿಯಲ್ಲಿ ಚೆಲ್ಲಿ ಹೋಗಿರುತ್ತದೆ.

ಕಟ್ಟಳೆ ಏನೂ ಕಷ್ಟದ್ದಲ್ಲ. ದಣಿದವರ ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಊರ ಬಾಯಿಯ ಕಟ್ಟೆಯಿಂದ ಹೊರಡಬೇಕು. ದಿಬ್ಬಕ್ಕೆ ಆರು ಮೈಲಿ, ವಾಪಸು ಆರು ಮೈಲಿ. ದಿಬ್ಬ ಮುಟ್ಟಿದಾಗ ಚಪ್ಪಲಿಯ ತಳವನ್ನು ಉಪ್ಪಿಗೆ ಒತ್ತಬೇಕು. ತಳ ಬೆಳ್ಳಗಾಗಿದ್ದರೆ ಅದೇ ಸಾಕ್ಷಿ. ಜೋರಾಗಿ ಓಡಲೇಬೇಕೆಂದಿಲ್ಲ. ಕುಂಟಿದರೂ ನಡೆದರೂ ಓಟವೇ. ನಿಂತರೆ, ಇಲ್ಲವೇ ಯಾರಾದರೂ ಮುಟ್ಟಿದರೆ ಮಾತ್ರ ಓಟ ಮುರಿಯಿತು. ಮತ್ತೆ, ತನ್ನ ಚಪ್ಪಲಿ ತಾನೇ ಹಿಡಿದು ಓಡಿದರೆ ಏನೂ ಆಗುವುದಿಲ್ಲ. ಯಾರ ಹಂಗೂ ಬೇಡವೆಂದು ದಲಾಲಿ ಗುರುಶಾಂತಪ್ಪ ಮೂರು ಸಲ ಹಾಗೆ ಓಡಿ ನೋಡಿದ. ಸಿಕ್ಕಿದ್ದು ಮೊಣಕಾಲು ಬಾವು ಒಂದೇ.

ನಾನು ಹೊನ್ನವ್ವ. ಈಗ ನಲವತ್ತಾರು ನಡೆಯುತ್ತಿದೆ. ಕಚ್ಚೆ ಹಾಕಿ, ಸೆರಗು ಬಿಗಿದು ಈ ದಾರಿಯಲ್ಲಿ ನಾನು ಓಡಿದಷ್ಟು ಈ ಊರಲ್ಲಿ ಯಾವ ಗಂಡಸೂ ಓಡಿಲ್ಲ. ಬಾಣಂತಿಯರಿಗೆ ಓಡಿದ್ದೇನೆ, ಹತ್ತಿ ಗಿರಣಿಯ ಹಮಾಲರಿಗೆ ಓಡಿದ್ದೇನೆ, ನನ್ನನ್ನು ಕಂಡರೆ ಮುಖ ತಿರುವುತ್ತಿದ್ದ ಪೋಸ್ಟ್‌ಮಾಸ್ತರನ ಹೆಂಡತಿಗೂ ಓಡಿದ್ದೇನೆ. ಇದರಲ್ಲಿ ಹೆಮ್ಮೆ ಇಲ್ಲವೆಂದರೆ ಬಾಯಿಗೆ ಹುಳ ಬಿದ್ದೀತು. ನಮ್ಮ ಮನೆಯವರು ದುಂಡಪ್ಪ, ಸೈಕಲ್ ರಿಪೇರಿ ಅಂಗಡಿ. ಗಿರಾಕಿಗಳೆದುರು, "ನಾ ಟಾಯರಿಗೆ ಗಾಳಿ ತುಂಬತೀನ್ರಿ, ನಮ್ಮಾಕಿ ಮಂದಿಗೆ ತುಂಬತಾಳ" ಎಂದು ಹೇಳಿ ತಾವೇ ನಗುತ್ತಾರೆ. ಗಿರಾಕಿಗಳು ಇಪ್ಪತ್ತು ವರ್ಷದಿಂದ ನಕ್ಕು ನಕ್ಕು ಸಾಕಾಗಿ ಈಗ ಸುಮ್ಮನೆ ತಲೆಯಾಡಿಸುತ್ತಾರೆ.

ಊರಿಗೆಲ್ಲ ಓಡಿದ ನಾನು ಒಬ್ಬಳಿಗೆ ಮಾತ್ರ ಓಡಿರಲಿಲ್ಲ. ಅವಳು ಫಕೀರಕ್ಕ, ನಮ್ಮ ಮನೆಯವರ ಅಣ್ಣನ ಹೆಂಡತಿ, ಅವರ ಬಾಯಲ್ಲಿ 'ವೈನಿ'. ನಮ್ಮ ಗೋಡೆಗೆ ಗೋಡೆ ಹತ್ತಿ ಅವಳ ಖಾನಾವಳಿ. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ, ಒಬ್ಬಳೇ ಬಡಿಯುತ್ತಾಳೆ. ನಾನು ಮದುವೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಿಟ್ಟು ಒಂದು ಕಡೆ, ರೊಟ್ಟಿ ಒಂದು ಕಡೆ, ನಾನೊಂದು ಕಡೆ. ಅತ್ತೆಯೋ, ರೊಟ್ಟಿಯ ಅಂಚು ನೋಡಿ ಸೊಸೆಯ ಕುಲ ಹೇಳುವ ಹೆಂಗಸು. ಆಗ ಫಕೀರಕ್ಕ ದಿನಾ ಎಂಟು ರೊಟ್ಟಿ ಸೆರಗಿನೊಳಗೆ ಮುಚ್ಚಿ ತಂದು ನನ್ನ ಬುಟ್ಟಿಗೆ ಹಾಕಿ ಹೋಗುತ್ತಿದ್ದಳು. ಆರು ತಿಂಗಳು ಹೀಗೆ ನಡೆಯಿತು. ಅತ್ತೆ ಸಾಯುವವರೆಗೂ, ಕಿರಿ ಸೊಸೆಯ ರೊಟ್ಟಿಯೇ ಚಂದ ಎಂದು ಫಕೀರಕ್ಕನ ಎದುರಿಗೇ ಹೇಳುತ್ತಿದ್ದರು. ಅವಳು ಒಂದು ದಿನವೂ ಬಾಯಿ ಬಿಡಲಿಲ್ಲ.

ಅವಳ ಗಂಡ, ನಮ್ಮ ಭಾವ, ಹೋಗಿ ಹದಿನೆಂಟು ವರ್ಷವಾಯಿತು. ಮಧ್ಯಾಹ್ನ ಊಟಕ್ಕೆ ಕುಳಿತವರು ಇನ್ನೊಂದು ರೊಟ್ಟಿ ಕೇಳಿದರು. ಇವಳು ಬಿಸಿ ರೊಟ್ಟಿ ಹಿಡಿದು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದರು, ಅಷ್ಟೇ. ಹನ್ನೆರಡನೆಯ ದಿನಕ್ಕೆ ಅವಳು ಮನೆಯ ಮುಂಬಾಗಿಲು ತೆಗೆದು ಖಾನಾವಳಿ ಸುರುಮಾಡಿದಳು. ಅವತ್ತಿನಿಂದ ಹಿಟ್ಟು ನಾದಿ ರೊಟ್ಟಿ ಬಡಿಯುವ ಅವಳ ಕೊಣಮಿಗೆಗೆ ಬಿಡುವಿಲ್ಲ.

ಪ್ರತಿ ವರ್ಷ ನಾನು ಕೇಳುತ್ತಿದ್ದೆ. "ಯಕ್ಕಾ, ಈ ಸಲನಾದ್ರೂ ನಿನ್ನ ಎಡಗಾಲಿಂದ ಕೊಡ."

"ಹೋಗ ಹೋಗ, ನನಗೇನಾಗೇದ? ಕಲ್ಲಿನಂಗ ಅದೀನಿ" ಅನ್ನುತ್ತಿದ್ದಳು. "ನನ್ನ ದಣಿವು ನನಗ ಇರಲಿ."

ನನಗೆ ಇದು ಸೊಕ್ಕು ಅನಿಸುತ್ತಿತ್ತು. ಊರಿಗೆಲ್ಲ ಬೇಕಾದ ನನ್ನ ಕಾಲು ಇವಳಿಗೆ ಬೇಡವಾಯಿತಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಕೊಡುವಾಗ ಎರಡು ಕೈ, ತೆಗೆದುಕೊಳ್ಳುವಾಗ ಒಂದೂ ಇಲ್ಲ ಅಂದರೆ ಎದುರಿಗಿನವರಿಗೆ ಎಂಥ ಭಾರ ಅನ್ನುವುದು ಅವಳಿಗೆ ತಿಳಿಯಬಾರದೇ?

ಹೋದ ಮಾಘದಲ್ಲಿ ಒಂದು ಮಧ್ಯಾಹ್ನ ಒಳಗೆ ಹೋದರೆ, ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆಯೇಳುತ್ತಿದೆ. ಫಕೀರಕ್ಕ ಹಿಟ್ಟಿನ ರಾಶಿಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಾಳೆ. ಮಣಿಕಟ್ಟು ಎರಡೂ ಊದಿಕೊಂಡಿವೆ. ಅರವತ್ತೊಂದು ವರ್ಷದ ಹೆಂಗಸು. ರೊಟ್ಟಿ ತೆಗೆದು, ಒಲೆ ಆರಿಸಿ, ಹೊರಗೆ ಬರುವಾಗ ಬಾಗಿಲ ಹಿಂದೆ ಅವಳ ಹಳೆಯ ಚಪ್ಪಲಿ ಕಂಡವು. ಒಂದು ಕಾಲಕ್ಕೆ ಬಚ್ಚಲಿಗೆ ಹಾಕಿಕೊಳ್ಳುತ್ತಿದ್ದ, ಈಗ ಮೂಲೆಗೆ ಬಿದ್ದ ಜೋಡು. ಒಂದು ಕಾಣದಿದ್ದರೆ ಅವಳಿಗೆ ಗೊತ್ತಾಗುವುದೇ ಇಲ್ಲ. ಎಡಗಾಲಿನದನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಕಟ್ಟೆಗೆ ಹೋದೆ. ಕಟ್ಟೆ ಕಾಯುವವರು ಗದಿಗೆಯ್ಯಜ್ಜ. ಯಾರೇ ಹೊರಡಲಿ, ಅಜ್ಜ ಒಂದು ಮಾತು ಕೇಳಿಯೇ ಕೇಳುತ್ತಾರೆ. "ಕೊಟ್ಟದ್ದೋ, ತಂದದ್ದೋ?"

"ಕೊಟ್ಟದ್ದು" ಅಂದೆ. ನಾಲಿಗೆ ತೊದಲಲಿಲ್ಲ. ಅಜ್ಜ ನನ್ನ ಮುಖ ನೋಡದೆ ಹಿಮ್ಮಡಿಗೆ ವಿಭೂತಿ ಹಚ್ಚಿದರು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ.

ಗಿರಣಿ ದಾಟುವವರೆಗೆ ಎಲ್ಲ ಎಂದಿನಂತೆಯೇ. ಬೇರೆಯವರ ದಣಿವು ಮೊದಲು ನಮ್ಮ ಕಾಲಿಗೆ ಇಳಿದು, ಆಮೇಲೆ ನೆಲಕ್ಕೆ ಹೋಗುತ್ತದೆ. ಹಮಾಲರದು ಬೆನ್ನಿಗೆ ಬರುತ್ತದೆ, ಬಾಣಂತಿಯರದು ಸೊಂಟಕ್ಕೆ. ಅಕ್ಕನದು ಮೊದಲು ತೋಳಿಗೆ ಬಂತು, ಸರಿಯೇ, ರೊಟ್ಟಿಯ ತೋಳು. ಗುಬ್ಬಿಹಳ್ಳದ ಹತ್ತಿರ ಮಾತ್ರ ಎದೆಗೆ ಬಂತು. ಕೈಯಲ್ಲಿದ್ದ ಸವೆದ ಚಪ್ಪಲಿ ಒಂದು ಚೀಲ ಜೋಳದಷ್ಟು ಭಾರವಾಯಿತು. ಇದು ರೊಟ್ಟಿ ಬಡಿದ ದಣಿವಲ್ಲ, ಇನ್ನೇನೋ ಇದರ ಅಡಿಯಲ್ಲಿದೆ, ಇದನ್ನು ಚೆಲ್ಲಬಾರದು ಎಂದು ನನಗೆ ಅಲ್ಲೇ ತಿಳಿಯಿತು. ನಿಲ್ಲಬೇಕಿತ್ತು. ನಿಂತಿದ್ದರೆ ಓಟ ಮುರಿದು, ಎಲ್ಲ ಇದ್ದಲ್ಲೇ ಇರುತ್ತಿತ್ತು. ಆದರೆ ಹೊನ್ನವ್ವ ಇಷ್ಟು ವರ್ಷದಲ್ಲಿ ಒಂದು ಓಟ ಮುರಿದವಳಲ್ಲ ನೋಡಿ. ಹಲ್ಲು ಕಚ್ಚಿ ಓಡಿದೆ. ದಿಬ್ಬಕ್ಕೆ ಹೋಗಿ ಉಪ್ಪೊತ್ತಿ, ಅಳುತ್ತಾ ವಾಪಸು ಬಂದೆ.

ಮರುದಿನದಿಂದ ಫಕೀರಕ್ಕನನ್ನು ನೋಡಲು ಎರಡು ಕಣ್ಣು ಸಾಲದು. ಮುನ್ನೂರಿನ ಜಾಗದಲ್ಲಿ ಐನೂರು ರೊಟ್ಟಿ. ಮಣಿಕಟ್ಟಿನ ಬಾವು ಇಳಿಯಿತು, ನಡಿಗೆ ಚುರುಕಾಯಿತು. "ಫಕೀರವ್ವಗ ಹರೇ ತಿರುಗಿ ಬಂದದ" ಎಂದು ಊರು ಚೇಷ್ಟೆ ಮಾಡಿತು. ನಾನು ಕಳ್ಳ ಬೆಕ್ಕಿನ ಹಾಗೆ ಸುಮ್ಮನಿದ್ದು ಒಳಗೇ ಹಿಗ್ಗಿದೆ. ಸುಖವಾಗಿದ್ದಾಳಲ್ಲ, ಕದ್ದರೇನು, ಕೊಟ್ಟರೇನು ಎಂದುಕೊಂಡೆ.

ಐದನೆಯ ದಿನ ಅವಳ ಕಣ್ಣು ಕೆಂಪಾಗಿದ್ದವು. ಏಳನೆಯ ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು. ಒಂಬತ್ತನೆಯ ದಿನ ಊಟದ ಗದ್ದಲ ಮುಗಿದ ಮೇಲೆ ನಾನು ಹೋದಾಗ, ಅವಳು ಎರಡು ತಾಟು ಹಾಕಿ, ಒಂದರ ಮುಂದೆ ಕುಳಿತು, ಇನ್ನೊಂದನ್ನು ನೋಡುತ್ತಿದ್ದಳು. ಎರಡರಲ್ಲೂ ರೊಟ್ಟಿ ಆರಿಹೋಗಿತ್ತು.

"ನಿದ್ದಿ ಬರವಲ್ದು ಹೊನ್ನಿ" ಅಂದಳು. "ಒಂಬತ್ತ ದಿನ ಆತು, ರೆಪ್ಪಿಗೆ ರೆಪ್ಪಿ ಕೂಡಿಲ್ಲ. ಎಷ್ಟ ದುಡದ್ರೂ ಮೈ ದಣಿಯೂದಿಲ್ಲ. ಹದಿನೆಂಟ ವರ್ಷ ನಾ ಬೇಕಂತ ದಣಕೊಂಡೀನಿ. ಹಾಸಿಗಿ ಮ್ಯಾಲೆ ಬಿದ್ರ ಹೆಣ ಬಿದ್ದಂಗ ಬೀಳಬೇಕು, ಅವರು ನೆನಪಾಗಾಕ ಹೊತ್ತ ಇರಬಾರದು. ಹಂಗ ದಿನಾ ದಾಟಿಸೀನಿ. ಈಗ ಹಾಸಿಗಿ ಮ್ಯಾಲೆ ಬಿದ್ರ ಸಾಕು, ಇನ್ನೊಂದ ರೊಟ್ಟಿ ತಾರ ಅಂತಾರ. ನಾ ಏಳತೀನಿ, ಒಲಿ ಹಚ್ಚತೀನಿ. ಯಾರಿಲ್ಲ."

ಆ ದಿನ ನಾನು ದಾರಿಗೆ ಚೆಲ್ಲಿ ಬಂದದ್ದು ಅವಳ ದಣಿವನ್ನಲ್ಲ, ಅವಳ ನಿದ್ದೆಯನ್ನು. ಅಲ್ಲಿಯೇ ನೆಲದ ಮೇಲೆ ಕುಳಿತು ಎಲ್ಲ ಹೇಳಿಬಿಟ್ಟೆ. ಬಾಗಿಲ ಹಿಂದಿನ ಚಪ್ಪಲಿ, ಅಜ್ಜನ ಮುಂದೆ ಹೇಳಿದ ಸುಳ್ಳು, ಗುಬ್ಬಿಹಳ್ಳದಲ್ಲಿ ತಿಳಿದೂ ನಿಲ್ಲದೇ ಇದ್ದದ್ದು, ಒಂದನ್ನೂ ಬಿಡಲಿಲ್ಲ.

ಬೈಯುತ್ತಾಳೆ, ಲಟ್ಟಣಿಗೆ ಎತ್ತುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಹೊತ್ತಾತು. ನೀವಿನ್ನು ಮನಿಗೆ ಹೋಗ್ರಿ" ಅಂದಳು.

ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವಳು ನನಗೆ 'ರಿ' ಹಚ್ಚಿದಳು. ಮರುದಿನ ಹೋದರೆ "ಬರ್ರಿ, ಕುಂದರ್ರಿ, ನೀರ ತಗೋರಿ." ನೆಂಟರಿಗೆ ಹಾಕುವ ಚಾಪೆ ಹಾಸಿದಳು. ಹೊಡೆದಿದ್ದರೆ ಒಂದು ಗಳಿಗೆ ಉರಿ. ಈ ಮರ್ಯಾದೆಯ ಉರಿ ಆರಲೇ ಇಲ್ಲ. ನಮ್ಮ ಮನೆಯವರಿಗೆ ವಿಷಯ ತಿಳಿದು, "ಏನ ಮಾಡಿದೀ ಮಾರಾಯ್ತಿ, ಅಕಿ ಉಳಿಯೂದ ಹೆಂಗ?" ಎಂದು ತಲೆಗೆ ಕೈ ಹಚ್ಚಿ ಕುಳಿತರು. ಡಾಕ್ಟರು ಗುಳಿಗೆ ಕೊಟ್ಟರು. ನಮ್ಮೂರಲ್ಲಿ ದಣಿವೇ ಇಲ್ಲದವರಿಗೆ ಯಾವ ಗುಳಿಗೆಯೂ ಹತ್ತುವುದಿಲ್ಲ. ಹನ್ನೆರಡನೆಯ ದಿನ ಅವಳು ಕಾದ ಹಂಚಿನ ಮೇಲೆ ಅಂಗೈ ಊರಿದ್ದು ಅವಳಿಗೇ ಗೊತ್ತಾಗಲಿಲ್ಲ. ವಾಸನೆ ಬಂದು ಗಿರಾಕಿಗಳು ಕೂಗಿದರು. ಇನ್ನು ನಾಲ್ಕು ದಿನ ಹೀಗೇ ಆದರೆ ಈ ಜೀವ ಉಳಿಯುವುದಿಲ್ಲ ಎಂದು ಎಲ್ಲರಿಗೂ ಅನಿಸಿತು. ಕೊಂದವಳು ನಾನು ಎಂದು ನನಗೆ ಮಾತ್ರ ಅನಿಸಿತು.

ಗದಿಗೆಯ್ಯಜ್ಜನಿಗೆ ಎಲ್ಲ ಹೇಳಿ ಕಾಲು ಹಿಡಿದೆ. "ನನ್ನ ದಣಿವು ಎಷ್ಟ ಅದ, ಅಷ್ಟೂ ಅಕಿಗೆ ಕೊಡಾಕ ಬರ್ತದೇನಜ್ಜಾ?"

ಅಜ್ಜ ನನ್ನನ್ನು ಹಿಡಿದು ಎಬ್ಬಿಸಿದರು. ಸುಳ್ಳು ಹೇಳಿದ್ದಕ್ಕೆ ಒಂದು ಮಾತೂ ಆಡಲಿಲ್ಲ. "ಹೋದ ದಣಿವು ದಾರಿ ಪಾಲು, ಅದು ಬರಂಗಿಲ್ಲ. ದಣಿವನ್ನ ಕೊಡಾಕೂ ಬರಂಗಿಲ್ಲ. ಹೊಸಾದು ಗಳಿಸಬೇಕವ್ವಾ. ರೊಟ್ಟಿ ಬಡದ್ರ ಅಕಿಗೆ ದಣಿವಾಗಂಗಿಲ್ಲ, ಕೇಳದ ತಂದದ್ದಕ್ಕ ಆ ಕೆಲಸದ ದಣಿವು ಬೇರಸಹಿತ ಹೋಗೇದ. ಓಡಿದ್ರ ಆದೀತು. ಆದ್ರ ಯಾರ ಸಲುವಾಗಿ ಓಡತಾಳ? ಮನಸಿಲ್ಲದೆ ಹಿಡದ ಚಪ್ಪಲಿ ಮೊದಲನೇ ಮೈಲಿಗೇ ಕೈಯಿಂದ ಜಾರತದ."

ನಾನು ಯಾವ ಬಾಯಿಂದ ಅವಳಿಗೆ ಇದನ್ನು ಹೇಳಲಿ? ಹೇಳಲಿಲ್ಲ. ನಮ್ಮ ಮನೆಯವರು ಹೇಳಿದರಂತೆ. ಹದಿಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಫಕೀರಕ್ಕ ನಮ್ಮ ಹೊಸ್ತಿಲ ಮುಂದೆ ನಿಂತಿದ್ದಳು. ಸುಟ್ಟ ಅಂಗೈಗೆ ಬಟ್ಟೆ ಸುತ್ತಿದ್ದಳು. ಗಿಡ್ಡ ಜೀವ, ಜೀವಮಾನದಲ್ಲಿ ಓಡದವಳು, ಬಿಳಿಚಿದ ಮುಖ; ಸೀರೆಗೆ ಕಚ್ಚೆ ಹಾಕಿದ್ದಳು, ಅದೂ ವಾರೆ.

"ತಗೀ ನಿನ್ನ ಎಡಗಾಲಿಂದು" ಅಂದಳು.

'ನಿನ್ನ' ಅಂದಳು. 'ರಿ' ಹೋಗಿತ್ತು. ಆದರೆ ಚಪ್ಪಲಿ ಕೊಡಲು ಕೈ ಬರಲಿಲ್ಲ. "ನನ್ನ ಸಲುವಾಗಿ ಬ್ಯಾಡ ಯಕ್ಕಾ. ನಾ ಮಾಡಿದ್ದು ಪಾಪದ ಕೆಲಸ. ಬ್ಯಾರೆ ಯಾರದಾರ ತಗೊಂಡ ಹೋಗ. ನನಗೆಂಥಾ ದಣಿವು?"

"ಬಾಯಿ ಮುಚ್ಚ. ಊರಾಗಿನ ಮಂದೀದೆಲ್ಲಾ ಕೇಳಿ ಕೇಳಿ ಹೊತಗೊಂಡ ಓಡತೀಯಲ್ಲ, ನಿಂದೊಂದು ಯಾವತ್ತರ ಕೊಟ್ಟೀಯೇನು? ನನಗ ಸೊಕ್ಕು ಅಂತೀ. ನನಗಿಂತ ಹೆಚ್ಚಿಂದು ನಿಂದು."

ನಾನು ಗುಬ್ಬಚ್ಚಿಯ ಹಾಗೆ ಕುಳಿತುಬಿಟ್ಟೆ. ನಿಜ ಹೇಳುತ್ತೇನೆ, ನನ್ನ ಚಪ್ಪಲಿಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಓಡುವವಳಿಗೆ ಯಾರು ಓಡುತ್ತಾರೆ? ಯಾರೂ ಕೇಳದಿದ್ದುದು ನನಗೆ ನೋಯುತ್ತಿತ್ತು. ಆ ನೋವು ತಿಳಿಯಬಾರದೆಂದೇ ನಾನು ಇನ್ನೊಬ್ಬರ ಚಪ್ಪಲಿ ಹಿಡಿದು ಓಡುತ್ತಿದ್ದೆ. ಅಕ್ಕನಿಗೆ ರೊಟ್ಟಿ ಹೇಗೋ ನನಗೆ ಈ ದಾರಿ ಹಾಗೆ. ಅವಳೇ ಬಗ್ಗಿ ನನ್ನ ಎಡಗಾಲಿನ ಚಪ್ಪಲಿ ಕಳಚಿಕೊಂಡಳು. ಹಿರಿಯಳು ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವಳು ಕಾಲಿಗೇ ಒಂದು ಏಟು ಕೊಟ್ಟಳು.

ಆ ದಿನ ನಾನು ಒಂದು ಕಾಲಿನ ಚಪ್ಪಲಿಯಲ್ಲಿ ಊರು ತಿರುಗಿದೆ. ನೂರಾರು ಮಂದಿಯನ್ನು ಹಾಗೆ ತಿರುಗಿಸಿದವಳು, ನನಗೆ ಮಾತ್ರ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಪೋಸ್ಟ್‌ಮಾಸ್ತರನ ಹೆಂಡತಿ ಎದುರಿಗೆ ಬಂದವಳು ನನ್ನ ಕಾಲು ನೋಡಿದಳು. ಸರಿದು ದಾರಿ ಬಿಟ್ಟಳು, ಆಮೇಲೆ ನನ್ನ ಕೈಯ ಚೀಲ ಕಸಿದುಕೊಂಡು ತಾನೇ ಮನೆಯವರೆಗೆ ತಂದಿಟ್ಟಳು. ಹಮಾಲರು ತಲೆಯ ಮೇಲಿನ ರುಮಾಲು ತೆಗೆದರು. ಖಾನಾವಳಿಗೆ ಬಾಗಿಲು ಹಾಕಲು ನಮ್ಮ ಮನೆಯವರಿಗೆ ಮನಸ್ಸಾಗಲಿಲ್ಲ. ನನಗೆ ಕೆಲಸ ಮುಟ್ಟುವ ಹಾಗಿಲ್ಲ. ಕಡೆಗೆ ತಾವೇ ಕೊಣಮಿಗೆಯ ಮುಂದೆ ಕುಳಿತು, ಗ್ರೀಸು ತೊಳೆದ ಕೈಯಿಂದ ರೊಟ್ಟಿ ಬಡಿದರು. ಒಂದಕ್ಕೆ ಬಾಲವಿತ್ತು, ಒಂದಕ್ಕೆ ಕಿವಿಯಿತ್ತು. "ಏನ್ರಿ ದುಂಡಪ್ಪನವರ, ಹೆಸರಷ್ಟ ದುಂಡಗ ಏನು?" ಎಂದು ಗಿರಾಕಿಗಳು ನಕ್ಕರು. ಆದರೂ ಒಬ್ಬರೂ ತಾಟಿನಲ್ಲಿ ಬಿಡಲಿಲ್ಲ, ಎಲ್ಲ ತಿಂದು ಎದ್ದರು.

ಹನ್ನೊಂದಾಯಿತು, ಹನ್ನೆರಡಾಯಿತು. ನನಗೆ ನಾಲ್ಕು ತಾಸಿನ ದಾರಿಯೇ ಅಲ್ಲ ಅದು. ಅವಳು ಇನ್ನೂ ದಿಬ್ಬವನ್ನೇ ಮುಟ್ಟಿರಲಿಕ್ಕಿಲ್ಲ. ಬಿಸಿಲು ನೆತ್ತಿಗೇರಿತು. ದಾರಿಯಲ್ಲಿ ಬಿದ್ದರೆ? ನಿಲ್ಲಬಾರದೆಂಬ ಹಟಕ್ಕೆ ಜೀವವೇ ನಿಂತರೆ? ಓಡಿಹೋಗಿ ನೋಡೋಣವೆಂದರೆ ಎಡಗಾಲು ಬರಿದಾದವರು ಆ ದಾರಿ ತುಳಿಯುವ ಹಾಗಿಲ್ಲ. ಕಟ್ಟೆಯ ಮೇಲೆ ಹೋಗಿ ಕುಳಿತೆ. ಕಾಯುವುದು ಎಂಥ ಕಷ್ಟ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ನನ್ನ ಬರಿದಾದ ಹಿಮ್ಮಡಿಯಲ್ಲಿ ಏನೋ ಸಡಿಲವಾಯಿತು. ಆಮೇಲೆ ಮೊಣಕಾಲು, ಸೊಂಟ. ಹಸಿ ಹಗ್ಗದ ಗಂಟು ಬಿಚ್ಚಿದ ಹಾಗೆ ಒಂದೊಂದಾಗಿ ಬಿಚ್ಚುತ್ತಾ ಬಂತು. ಅದು ಎದೆಗೆ ಬಂದಾಗ ನಾನು ಅಳಲು ಸುರುಮಾಡಿದೆ. ದುಃಖಕ್ಕಲ್ಲ. ಇಷ್ಟನ್ನು ಹೊತ್ತುಕೊಂಡು ಇಷ್ಟು ವರ್ಷ ಓಡಿದೆನಲ್ಲ, ನನಗೇ ತಿಳಿಯಲಿಲ್ಲವಲ್ಲ ಎಂದು ಅಳು ಬಂತು. ಎಲ್ಲೋ ಗುಬ್ಬಿಹಳ್ಳದ ಹತ್ತಿರ ಒಬ್ಬ ಗಿಡ್ಡ ಮುದುಕಿ ನನ್ನದನ್ನೆಲ್ಲ ತನ್ನ ಎದೆಗೆ ಇಳಿಸಿಕೊಂಡು ನಡೆಯುತ್ತಿದ್ದಾಳೆ ಎನ್ನುವುದಕ್ಕೆ ಅಳು ಬಂತು. ಅಜ್ಜ ತಮ್ಮ ಧೋತರದ ತುದಿಯಿಂದ ನನ್ನ ಮುಖ ಒರೆಸಿದರು.

ಐದಕ್ಕೆ ಅವಳು ಕಂಡಳು. ಅದನ್ನು ಓಟವೆನ್ನಲು ಬಾಯಿ ಬರುವುದಿಲ್ಲ. ಒಂದು ಕಾಲು ಎಳೆದು, ಇನ್ನೊಂದನ್ನು ಅದರ ಮುಂದೆ ಇಡುತ್ತಿದ್ದಳು. ಕಚ್ಚೆ ಬಿಚ್ಚಿಹೋಗಿ ಧೂಳಲ್ಲಿ ಎಳೆಯುತ್ತಿತ್ತು. ಎರಡೂ ಕೈಯಿಂದ ನನ್ನ ಚಪ್ಪಲಿಯನ್ನು ಎದೆಗೆ ಅವಚಿಕೊಂಡಿದ್ದಳು. ಅರ್ಧ ಊರು ಕಟ್ಟೆಯ ಬಳಿ ಸೇರಿತ್ತು; ಮುಟ್ಟಿದರೆ ಓಟ ಮುರಿಯುತ್ತದೆಂದು ಎಲ್ಲರೂ ಕೈ ಕಟ್ಟಿಕೊಂಡು ನಿಂತಿದ್ದರು. ಕಡೆಯ ಇಪ್ಪತ್ತು ಮಾರು ಇರುವಾಗ ಅವಳು ತೂಗಾಡಿದಳು. ಇಡೀ ಊರು ಅವಳ ಜೊತೆ ಆ ಕಡೆಗೆ ವಾಲಿತು. ಅವಳು ನಿಲ್ಲಲಿಲ್ಲ.

ಬಂದು ನನ್ನ ಮುಂದೆ ಚಪ್ಪಲಿ ಒಗೆದಳು. ತಳ ಬೆಳ್ಳಗಿತ್ತು. "ತಗೋ. ಏನ ತುಂಬಿಟ್ಟಿದ್ದೀ ಅದರಾಗ, ಕಲ್ಲೋ ಮಣ್ಣೋ" ಎಂದು ಏದುತ್ತಾ ಬೈದಳು. ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು. "ನನ್ನ ಕೇಳದ ನಂದು ಒಯ್ದಿ. ಕಳ್ಳಿ. ಇನ್ನೊಮ್ಮೆ ಹಂಗ ಮಾಡಿದೀ ಅಂದ್ರ ನಿನ್ನ..." ಅಷ್ಟಕ್ಕೇ ಮಾತು ನಿಂತಿತು. ತಲೆ ನನ್ನ ಹೆಗಲಿಗೆ ಬಿತ್ತು, ಅಲ್ಲಿಂದ ಮೆಲ್ಲಗೆ ಜಾರಿ ತೊಡೆಗೆ ಬಂತು. ಬಗ್ಗಿ ಅವಳ ಮೂಗಿಗೆ ಬೆರಳು ಹಿಡಿದೆ. ಬಿಸಿ ಉಸಿರು ಬಡಿಯಿತು. ಇನ್ನೊಂದು ಗಳಿಗೆಗೆ ಗೊರಕೆ ಸುರುವಾಯಿತು. ಹಮಾಲನೊಬ್ಬ ಚಪ್ಪಾಳೆ ತಟ್ಟಲು ಕೈ ಎತ್ತಿದ. ಪೋಸ್ಟ್‌ಮಾಸ್ತರನ ಹೆಂಡತಿ ಕಣ್ಣಲ್ಲೇ ಅವನನ್ನು ಸುಟ್ಟಳು.

ಮಂದಿ ಸದ್ದಿಲ್ಲದೆ ಹಿಂದಕ್ಕೆ ಸರಿದರು. ಸಂಜೆಯ ಬಸ್ಸನ್ನು ಊರ ಅಗಸೆ ಬಾಗಿಲ ಆಚೆಯೇ ನಿಲ್ಲಿಸಿ, ಇಳಿದವರನ್ನು ಹಿತ್ತಲ ದಾರಿಯಿಂದ ಕರೆತಂದರಂತೆ. ಮರಳುವ ದನಗಳ ಕೊರಳ ಗಂಟೆಗೆ ಯಾರೋ ಹುಲ್ಲು ತುರುಕಿದರಂತೆ. ನಾನು ಯಾವುದನ್ನೂ ನೋಡಲಿಲ್ಲ. ಅವಳ ಸುಟ್ಟ ಅಂಗೈಯ ಬಟ್ಟೆ ಸಡಿಲಾಗಿತ್ತು, ಅದನ್ನು ಕಟ್ಟುತ್ತಿದ್ದೆ.

ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಮನೆಯಿಂದ ದಿಂಬು ತಂದರು. ನನ್ನ ಕಾಲು ಜೋಮು ಹಿಡಿದು ಮರದ ಕೊರಡಾಗಿದ್ದು ಅವರಿಗೆ ಕಂಡಿರಬೇಕು. "ದಿಂಬ ಇಟ್ಟು ನೀ ಮೆಲ್ಲಕ ಏಳ" ಎಂದು ಪಿಸುಗುಟ್ಟಿದರು. "ವೈನಿಗೆ ಗೊತ್ತಾಗಂಗಿಲ್ಲ."

"ಬ್ಯಾಡ್ರಿ" ಅಂದೆ. "ಇನ್ನ ಮುಂದ ಅಕಿಗೆ ಗೊತ್ತಾಗದಂಗ ನಾ ಏನೂ ಮಾಡಂಗಿಲ್ಲ."

ಅವರು ದಿಂಬನ್ನು ನನ್ನ ಬೆನ್ನಿಗೆ ಕೊಟ್ಟು ಹೋದರು. ನಾನು ಅಲುಗಾಡದೆ ಕುಳಿತೆ.